ಒಂದು 'ಬು' ಸಾಲದು: ಚೀನೀ ಮಾತಿನವರಿಗೆ ಇಂಗ್ಲಿಷಿನ ಅನ್, ಇನ್, ಡಿಸ್ ಕಲಿಸುವುದು

ಮೈಸೂರಿನಲ್ಲಿ ಇಂಗ್ಲಿಷ್ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಲಿಸುವ ಇಷ್ಟು ಜನ ಒಂದೇ ಕಡೆ ಸೇರಿದ್ದೀರಿ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ.

ನಾನು ಸಿಂಗಪುರದಲ್ಲಿ ಪಾಠ ಮಾಡುವುದು ದೊಡ್ಡವರಿಗೆ. ಅವರಲ್ಲಿ ಹೆಚ್ಚಿನವರು ಚೀನಾದಿಂದ ಬಂದವರು. ಕೆಲಸಕ್ಕೆ ಬಂದವರಿದ್ದಾರೆ. ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಜೊತೆಗೆ ತಾವೂ ಉಳಿದುಕೊಂಡ ತಾಯಂದಿರಿದ್ದಾರೆ. ಇಂಥವರಿಗೆ ಚೀನೀ ಮಾತಿನಲ್ಲಿ 'ಪೆಯ್‌ದೂ ಮಾಮಾ' ಅಂತ ಹೆಸರೇ ಇದೆ, ಓದಿಗೆ ಜೊತೆ ಬಂದ ಅಮ್ಮ ಅಂತ. ಇವರೆಲ್ಲ ಊರಲ್ಲಿ ಶಾಲೆ ಓದುವಾಗಲೇ ಇಂಗ್ಲಿಷ್ ಪದಗಳನ್ನು ರಾಶಿ ರಾಶಿ ಬಾಯಿಪಾಠ ಮಾಡಿದವರು. ಪದ ಗೊತ್ತು. ಆದರೆ ಪದದ ಮುಂದೆ ಒಂದು ಅನ್, ಒಂದು ಇನ್, ಒಂದು ಡಿಸ್ ಬಂದು ಕೂತರೆ ಅಡ್ಡದಾರಿ ಹಿಡಿಯುತ್ತಾರೆ.

ಅದಕ್ಕೆ ಕಾರಣ ಅವರಲ್ಲ. ಚೀನಾದಲ್ಲಿ ಇಂಗ್ಲಿಷ್ ಪದ ಕಲಿಯುವ ಒಂದು ಜನಪ್ರಿಯ ದಾರಿ ಅಂದರೆ ಪದವನ್ನು ಬೇರು ಮತ್ತು ಅದರ ಹಿಂದೆ ಮುಂದೆ ಅಂಟುವ ತುಂಡುಗಳಾಗಿ ಬಿಡಿಸಿ ನೆನಪಿಟ್ಟುಕೊಳ್ಳುವುದು. ಅಮೆರಿಕಕ್ಕೆ ಓದಲು ಹೋಗುವವರು ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ 2011ರವರೆಗೆ ವಿರುದ್ಧ ಪದ ಹುಡುಕುವ ಪ್ರಶ್ನೆಗಳೇ ಒಂದು ಭಾಗವಾಗಿದ್ದವು. ಅದಕ್ಕೆ ಈ ದಾರಿ ಚೆನ್ನಾಗಿ ಒಗ್ಗಿತು. ಆದರೆ ಇಂಥ ಪದಪುಸ್ತಕಗಳಲ್ಲಿ ನಿಷೇಧದ ಉಪಸರ್ಗಗಳ, ಅಂದರೆ ಪದದ ಮುಂದೆ ಅಂಟಿ ಇಲ್ಲ ಅನ್ನಿಸುವ ತುಂಡುಗಳ, ಪುಟದಲ್ಲಿ ಒಂದು ಪಟ್ಟಿ ಇರುತ್ತದೆ. ಎಡಗಡೆ ಅನ್, ಇನ್, ಇಮ್, ಇಲ್, ಇರ್, ಡಿಸ್, ನಾನ್. ಬಲಗಡೆ ಎಲ್ಲದಕ್ಕೂ ಒಂದೇ ಅರ್ಥ: 'ಬು'. ಅಂದರೆ ಇಲ್ಲ, ಅಲ್ಲ.

ಈ ಪಟ್ಟಿಯನ್ನು ನಾನು ತರಗತಿಯಿಂದ ಹೊರಗಿಟ್ಟಿದ್ದೇನೆ. ಚೀನೀ ಭಾಷೆಯಲ್ಲಿ ಇಲ್ಲ ಅನ್ನಲು ಇರುವುದು 'ಬು' ಒಂದೇ ಅಲ್ಲ. ನಾಲ್ಕಾರು ಪದಗಳಿವೆ, ಒಂದೊಂದಕ್ಕೂ ಅದರದೇ ಕೆಲಸವಿದೆ. ಆ ವ್ಯತ್ಯಾಸ ಪ್ರತಿಯೊಬ್ಬ ಚೀನೀಯರಿಗೂ ಚಿಕ್ಕಂದಿನಿಂದಲೇ ಗೊತ್ತು. ಪಟ್ಟಿ ಅದನ್ನೆಲ್ಲ ಅಳಿಸಿಹಾಕಿ ಅವರನ್ನು ಶುರುವಿನಿಂದ ಶುರು ಮಾಡಿಸುತ್ತದೆ. ಕಲಿಯುವವರಿಗೆ ಈಗಾಗಲೇ ಗೊತ್ತಿರುವುದನ್ನು ಹಿಡಿದು ಪಾಠ ಕಟ್ಟಬೇಕು ಅನ್ನುವುದೇ ಇವತ್ತಿನ ನನ್ನ ಮಾತು.

ಮೊದಲು 'ಬು' ಏನು ಮಾಡುತ್ತದೆ ನೋಡೋಣ. ಅದು ಬಿಡಿ ಪದ. ಕ್ರಿಯಾಪದದ ಮುಂದೆಯೂ ಬರುತ್ತದೆ, ಗುಣ ಹೇಳುವ ಪದದ ಮುಂದೆಯೂ ಬರುತ್ತದೆ. 'ಲಾಯ್' ಅಂದರೆ ಬರುವುದು, 'ಬು ಲಾಯ್' ಅಂದರೆ ಬರುವುದಿಲ್ಲ. 'ಹಾವ್' ಅಂದರೆ ಒಳ್ಳೆಯದು, 'ಬು ಹಾವ್' ಒಳ್ಳೆಯದಲ್ಲ. ಪದದ ನಡುವೆಯೂ ನುಗ್ಗುತ್ತದೆ. 'ಕಾನ್‌ಜಿಯೆನ್' ಅಂದರೆ ಕಾಣುವುದು, 'ಕಾನ್ ಬು ಜಿಯೆನ್' ಅಂದರೆ ಕಾಣಿಸುತ್ತಿಲ್ಲ. ಪ್ರಶ್ನೆ ಕೇಳಲೂ ಅದೇ: 'ಚ್ಯೂ ಬು ಚ್ಯೂ', ಹೋಗ್ತೀಯಾ ಇಲ್ವಾ. ಆಗಿಹೋದ ಮಾತಿಗೆ ಮಾತ್ರ 'ಬು' ಬಿಟ್ಟು 'ಮೆಯ್' ಬರುತ್ತದೆ: 'ಮೆಯ್ ಲಾಯ್', ಬರಲಿಲ್ಲ.

ಇಷ್ಟು ಸಡಿಲವಾಗಿ ಓಡಾಡುವ ಪದಕ್ಕೆ ಒಗ್ಗಿದವರಿಗೆ ಇಂಗ್ಲಿಷಿನ ಅನ್ ಕೂಡ ಹಾಗೇ ಇರಬೇಕು ಅನ್ನಿಸುವುದು ಸಹಜ. ಹಾಗಾಗಿ ಅನ್‌ಲೈಕ್ ಅಂದರೆ ಇಷ್ಟವಿಲ್ಲ, ಅನ್‌ಅಗ್ರೀ ಅಂದರೆ ಒಪ್ಪುವುದಿಲ್ಲ ಅಂತ ಬರೆಯುತ್ತಾರೆ. ಹ್ಯಾಪಿಗೆ ಅನ್, ಪಾಸಿಬಲ್‌ಗೆ ಇಮ್, ಆನೆಸ್ಟ್‌ಗೆ ಡಿಸ್ ಯಾಕೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅಲ್ವಾ?

ಇದಕ್ಕೆ ಉತ್ತರ ನಮಗೆ ಕನ್ನಡದವರಿಗೆ ಬೇಗ ಹೊಳೆಯುತ್ತದೆ, ಯಾಕಂದರೆ ನಮ್ಮಲ್ಲೂ ಅದೇ ಕಥೆ. ಕನ್ನಡದ ಸ್ವಂತ ನಿಷೇಧ ಮಾತಿನ ಕೊನೆಗೆ ಬರುತ್ತದೆ: ಇಲ್ಲ, ಅಲ್ಲ, ಬೇಡ, ಬಾರದು. ಪದದ ಮುಂದೆ ಬರುವುದೆಲ್ಲ ಹೊರಗಿನಿಂದ ಬಂದದ್ದು. ನ್ಯಾಯದ ಜೊತೆ ಅನ್ಯಾಯ ಬಂತು, ಸಾಧ್ಯದ ಜೊತೆ ಅಸಾಧ್ಯ ಬಂತು, ಅವು ಸಂಸ್ಕೃತದಿಂದ. ಗೈರುಹಾಜರಿ, ನಾಲಾಯಕ್, ಬೇಜವಾಬ್ದಾರಿ ಬಂದದ್ದು ಪಾರಸಿ, ಅರಬ್ಬಿ ಕಡೆಯಿಂದ. ಅಹಾಜರಿ ಅಂತ ಯಾರೂ ಹೇಳುವುದಿಲ್ಲ. ಬೇಸಾಧ್ಯ ಅಂತಲೂ ಹೇಳುವುದಿಲ್ಲ. ಯಾವ ಮನೆಯ ಪದಕ್ಕೆ ಆ ಮನೆಯ ಉಪಸರ್ಗ. ಯಾರೂ ಕಲಿಸದೆ ಇದು ನಮಗೆ ಗೊತ್ತಿದೆ.

ಇಂಗ್ಲಿಷಿನಲ್ಲೂ ಹೀಗೆ ಪದರಗಳಿವೆ. ಅನ್ ಅದರ ಹುಟ್ಟಾ ಆಸ್ತಿ, ಹಳೆಯ ಇಂಗ್ಲಿಷಿನಿಂದಲೇ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಹರಿದುಬಂದವು. ಅವುಗಳ ಬೆನ್ನಿಗೆ ಲ್ಯಾಟಿನ್ನಿನ ಇನ್, ಡಿಸ್, ನಾನ್ ಬಂದವು. ವಿದ್ಯೆಯ ಪದಗಳ ಜೊತೆ ಗ್ರೀಕಿನ ಅ, ಅನ್ ಬಂದವು: ಅರಾಜಕತೆಗೆ ಅನಾರ್ಕಿ, ರಕ್ತ ಕಡಿಮೆಯಾದರೆ ಅನೀಮಿಯಾ. ಒಂದು ವಿಶೇಷ ಅಂದರೆ ಇಂಗ್ಲಿಷಿನ ಅನ್, ಲ್ಯಾಟಿನ್ನಿನ ಇನ್, ಗ್ರೀಕಿನ ಅ ಮತ್ತು ನಮ್ಮ ಸಂಸ್ಕೃತದ ಅ ನಾಲ್ಕೂ ಒಂದೇ ಮೂಲದವು. ಸ್ವರದ ಮುಂದೆ ಸಂಸ್ಕೃತದ ಅ ಹೋಗಿ ಅನ್ ಆಗುತ್ತದೆ, ಅನುಚಿತ, ಅನಾರೋಗ್ಯ ಅನ್ನುವ ಹಾಗೆ. ಗ್ರೀಕಿನಲ್ಲೂ ಅದೇ ನಿಯಮ.

ಮಿಶ್ರ ಜೋಡಿಗಳು ಹುಟ್ಟಿದ್ದೂ ಈ ಪದರಗಳಿಂದಲೇ. ಜಸ್ಟ್ ಅನ್ನುವ ಪದಕ್ಕೆ ಇಂಗ್ಲಿಷರು ತಮ್ಮ ಅನ್ ಹಚ್ಚಿ ಅನ್‌ಜಸ್ಟ್ ಮಾಡಿಕೊಂಡರು. ಆದರೆ ಇನ್‌ಜಸ್ಟಿಸ್ ಅನ್ನುವುದು ಫ್ರೆಂಚಿನಿಂದ ಇಡಿಯಾಗಿ ಬಂತು. ಅದಕ್ಕೇ ಗುಣಕ್ಕೆ ಅನ್, ಹೆಸರಿಗೆ ಇನ್. ಅನ್‌ಏಬಲ್ ಆದರೆ ಇನ್‌ಎಬಿಲಿಟಿ, ಅನ್‌ಈಕ್ವಲ್ ಆದರೆ ಇನ್‌ಈಕ್ವಾಲಿಟಿ, ಅನ್‌ಸ್ಟೇಬಲ್ ಆದರೆ ಇನ್‌ಸ್ಟೆಬಿಲಿಟಿ. ಚೀನೀಯಲ್ಲಿ ಅನ್ಯಾಯದ ಅನ್ನುವುದಕ್ಕೂ ಅನ್ಯಾಯ ಅನ್ನುವುದಕ್ಕೂ ಒಂದೇ 'ಬು ಗುಂಗ್‌ಜೆಂಗ್' ಸಾಕಾಗುವುದರಿಂದ ಅವರು ಇಲ್ಲಿ ತಪ್ಪುವುದು ಜಾಸ್ತಿ. ಈ ಜೋಡಿಗಳನ್ನು ಜೋಡಿಯಾಗಿಯೇ ಕಲಿಸಿ. ಬಿಡಿಸಿ ಕಲಿಸಿದರೆ ಅನ್‌ಎಬಿಲಿಟಿ ಅಂತಲೇ ಬರೆಯುತ್ತಾರೆ.

ಇಮ್, ಇಲ್, ಇರ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಪ, ಬ, ಮ ಮುಂದೆ ಇನ್ ಹೋಗಿ ಇಮ್ ಆಗುತ್ತದೆ, ಲ ಮುಂದೆ ಇಲ್, ರ ಮುಂದೆ ಇರ್. ಚೀನೀ ವಿದ್ಯಾರ್ಥಿಗೆ ಇದನ್ನು ಹೇಳುವಾಗ ಅವರದೇ 'ಬು' ನೆನಪಿಸಿದರೆ ಸಾಕು. 'ಬು' ಸಾಮಾನ್ಯವಾಗಿ ಇಳಿಯುವ ದನಿಯ ಪದ, ಚೀನೀ ಮಾತಿನ ದನಿಯ ಏರಿಳಿತಗಳಲ್ಲಿ ನಾಲ್ಕನೆಯದು. ಆದರೆ ಅದರ ನಂತರದ ಪದವೂ ಇದೇ ಇಳಿಯುವ ದನಿಯದ್ದಾದರೆ 'ಬು' ಏರುವ ದನಿಗೆ ಬದಲಾಗುತ್ತದೆ. 'ಬು ಹಾವ್' ಅನ್ನುವಾಗ ಒಂದು ಥರ, 'ಬು ಶ್ರ್', ಅಲ್ಲ, ಅನ್ನುವಾಗ ಇನ್ನೊಂದು ಥರ. ನೆರೆಯ ದನಿ ನೋಡಿ ನಿಷೇಧ ತನ್ನ ದನಿ ಬದಲಿಸುತ್ತದೆ ಅನ್ನುವುದು ಅವರ ನಾಲಿಗೆಗೇ ಗೊತ್ತು. ಅನ್ ಮಾತ್ರ ಬರಹದಲ್ಲಿ ಯಾರ ಮುಂದೆಯೂ ಬದಲಾಗುವುದಿಲ್ಲ: ಅನ್‌ಪಾಪ್ಯುಲರ್, ಅನ್‌ಲಕಿ, ಅನ್‌ರಿಯಲ್.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. 'ಹೆನ್' ಅಂತ ಒಂದು ಚೀನೀ ಪದ ಇದೆ. ಅರ್ಥ: ತುಂಬ. ಇದನ್ನು 'ಬು'ವಿನ ಹಿಂದೆ ಇಡುವುದಕ್ಕೂ ಮುಂದೆ ಇಡುವುದಕ್ಕೂ ವ್ಯತ್ಯಾಸ ಇದೆ. 'ಗಾವ್‌ಶಿಂಗ್' ಅಂದರೆ ಖುಷಿ. 'ಬು ಹೆನ್ ಗಾವ್‌ಶಿಂಗ್' ಅಂದರೆ ಅಷ್ಟೇನೂ ಖುಷಿಯಲ್ಲ. 'ಹೆನ್ ಬು ಗಾವ್‌ಶಿಂಗ್' ಅಂದರೆ ತುಂಬ ಬೇಜಾರು. ಎರಡನೆಯದರಲ್ಲಿ 'ಬು' ಮತ್ತು 'ಗಾವ್‌ಶಿಂಗ್' ಸೇರಿ ಒಂದೇ ಪದದ ಹಾಗೆ ಗಟ್ಟಿಯಾಗಿವೆ. ಅದರ ಮೇಲೆ ತುಂಬ ಅಂತ ಹೇರಬಹುದು. ಇಂಗ್ಲಿಷಿನಲ್ಲಿ ಸರಿಯಾಗಿ ಇದೇ: ನಾಟ್ ವೆರಿ ಹ್ಯಾಪಿ ಬೇರೆ, ವೆರಿ ಅನ್‌ಹ್ಯಾಪಿ ಬೇರೆ.

ಹಾಗಾದರೆ ಇದನ್ನೇ ಒಂದು ಪರೀಕ್ಷೆಯ ಹಾಗೆ ಬಳಸಬಹುದು. 'ಬು' ಹಚ್ಚಿದ ಪದದ ಮುಂದೆ 'ಹೆನ್' ಇಟ್ಟು ಹೇಳಿ ನೋಡಿ. ಕಿವಿಗೆ ಒಪ್ಪಿತೋ, ಇಂಗ್ಲಿಷಿನಲ್ಲಿ ಉಪಸರ್ಗದ ಪದ ಇರುವ ಸಂಭವ ಜಾಸ್ತಿ. 'ಹೆನ್ ಬು ಲಿಮಾವ್' ಒಪ್ಪುತ್ತದೆ: ಇಂಪೊಲೈಟ್. 'ಹೆನ್ ಬು ಗುಂಗ್‌ಪಿಂಗ್' ಒಪ್ಪುತ್ತದೆ: ಅನ್‌ಫೇರ್. 'ಹೆನ್ ಬು ಫಾಂಗ್‌ಬಿಯೆನ್': ಇನ್‌ಕನ್ವೀನಿಯೆಂಟ್. 'ಹೆನ್ ಬು ಶಿಹ್ವಾನ್': ಡಿಸ್‌ಲೈಕ್. 'ಹೆನ್ ಬು ಶಿನ್‌ರೆನ್': ಡಿಸ್‌ಟ್ರಸ್ಟ್. ಆದರೆ 'ಹೆನ್ ಬು ಚ್ಯೂ' ಅಂತ, ತುಂಬ ಹೋಗುವುದಿಲ್ಲ ಅಂತ, ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಅನ್‌ಗೋ ಇಲ್ಲ. ಅಲ್ಲಿ ಡೋಂಟ್ ಬೇಕು.

ಇನ್ನೂ ಒಂದು ಹೊಂದಿಕೆ ಇದೆ. ಇಂಗ್ಲಿಷಿನಲ್ಲಿ ಅನ್‌ಕೈಂಡ್ ಇದೆ, ಅನ್‌ಕ್ರೂಯಲ್ ಇಲ್ಲ. ಅನ್‌ಹ್ಯಾಪಿ ಇದೆ, ಅನ್‌ಸ್ಯಾಡ್ ಇಲ್ಲ. ಅನ್‌ವೈಸ್ ಇದೆ, ಅನ್‌ಫೂಲಿಷ್ ಇಲ್ಲ. ಉಪಸರ್ಗ ಒಳ್ಳೆಯ ಪದವನ್ನು ಹಿಡಿದು ಕೆಡಿಸುತ್ತದೆ, ಕೆಟ್ಟ ಪದವನ್ನು ಒಳ್ಳೆಯದು ಮಾಡುವುದು ಅಪರೂಪ. ಡೆನ್ಮಾರ್ಕಿನ ಭಾಷಾತಜ್ಞ ಆಟೊ ಯೆಸ್ಪರ್ಸನ್ 1917ರಲ್ಲೇ ಇದನ್ನು ಗುರುತಿಸಿದ್ದರು. ಚೀನೀಯಲ್ಲಿ 'ಹೆನ್ ಬು' ಕೂಡ ಹೀಗೇ. 'ಹೆನ್ ಬು ಹಾವ್' ಅಂದರೆ ತುಂಬ ಕೆಟ್ಟದ್ದು, ಸರಿ. 'ಹೆನ್ ಬು ಹ್ವಾಯ್', ತುಂಬ ಕೆಟ್ಟದ್ದಲ್ಲ ಅನ್ನುವ ಜೋಡಣೆ, ಕಿವಿಗೆ ಹೊಂದುವುದಿಲ್ಲ. 'ಹೆನ್ ಬು ಗಾವ್', ತುಂಬ ಎತ್ತರವಲ್ಲದ ಅನ್ನುವುದೂ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಅನ್‌ಟಾಲ್ ಇದೆಯೇ? ಇಲ್ಲ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಇಷ್ಟು ಹತ್ತಿರ ಬಂದಿರುವುದನ್ನು ತರಗತಿಯಲ್ಲಿ ತೋರಿಸಿದಾಗ ಕಲಿಯುವವರ ಮುಖ ಅರಳುತ್ತದೆ. ಇಂಗ್ಲಿಷ್ ಸುಮ್ನೆ ಹಠ ಮಾಡುವ ಭಾಷೆಯಲ್ಲ, ತಮ್ಮ ಭಾಷೆಯ ಹಾಗೇ ಯೋಚಿಸುತ್ತದೆ ಅನ್ನುವ ಧೈರ್ಯ ಬರುತ್ತದೆ.

ಪರೀಕ್ಷೆಗೆ ಮಿತಿಗಳಿವೆ. ಉಪಸರ್ಗ ಇದೆಯೇ ಅಂತ ಅದು ಸುಳಿವು ಕೊಡುತ್ತದೆ, ಯಾವುದು ಅಂತ ಹೇಳುವುದಿಲ್ಲ. ಕೆಲವು ಕಡೆ ಗುಂಡಿಗೂ ಬೀಳಿಸುತ್ತದೆ. 'ರೋಂಗ್‌ಯಿ' ಅಂದರೆ ಸುಲಭ. 'ಹೆನ್ ಬು ರೋಂಗ್‌ಯಿ' ಸರಿಯಾದ ಮಾತು, ತುಂಬ ಕಷ್ಟ. ಅದನ್ನು ನಂಬಿ ಇಂಗ್ಲಿಷ್ ಈಸ್ ವೆರಿ ಅನ್‌ಈಸಿ ಅಂತ ಬರೆದರೆ, ಇಂಗ್ಲಿಷ್ ಭಾಷೆಗೇ ಏನೋ ತಳಮಳ ಅಂತಾಗುತ್ತದೆ. ಅನ್‌ಈಸಿ ಅಂದರೆ ನೆಮ್ಮದಿ ಇಲ್ಲದ ಅಂತಲೇ ಹೊರತು ಕಷ್ಟ ಅಂತಲ್ಲ. ಇಂಥವನ್ನು ಕೈಯಾರೆ ತೋರಿಸಿಕೊಡಬೇಕು.

ಈಗ 'ಬು' ಬಿಟ್ಟು ಉಳಿದವರನ್ನು ಕರೆಯೋಣ. 'ಫೆಯ್' ಅಂತ ಒಂದು ಇದೆ. ಅದು ವರ್ಗದಿಂದ ಹೊರಗಿಡುತ್ತದೆ. 'ಜಿನ್‌ಶು' ಅಂದರೆ ಲೋಹ, 'ಫೆಯ್ ಜಿನ್‌ಶು' ಅಲೋಹ, ಇಂಗ್ಲಿಷಿನಲ್ಲಿ ನಾನ್‌ಮೆಟಲ್. 'ಹುಯ್‌ಯುವಾನ್' ಅಂದರೆ ಸದಸ್ಯ, 'ಫೆಯ್ ಹುಯ್‌ಯುವಾನ್' ನಾನ್‌ಮೆಂಬರ್. ಇದರಲ್ಲಿ ಬೈಗುಳ ಇಲ್ಲ, ಹೊಗಳಿಕೆ ಇಲ್ಲ. ಈ ಗುಂಪಿಗೆ ಸೇರಿಲ್ಲ, ಅಷ್ಟೇ. ನಾನ್ ಕೂಡ ಇದೇ ಕೆಲಸ ಮಾಡುತ್ತದೆ. ನಾನ್‌ಅಮೆರಿಕನ್ ಅಂದರೆ ಅಮೆರಿಕದವರಲ್ಲ. ಆದರೆ ಅನ್‌ಅಮೆರಿಕನ್ ಅಂದರೆ ಅಮೆರಿಕದ ಗುಣಕ್ಕೆ ವಿರುದ್ಧವಾದದ್ದು, ಅದು ಆರೋಪ. ಅಮೆರಿಕದ ಸಂಸತ್ತಿನ ಕೆಳಮನೆ 1938ರಲ್ಲಿ ಅನ್‌ಅಮೆರಿಕನ್ ಚಟುವಟಿಕೆಗಳನ್ನು ವಿಚಾರಿಸಲೆಂದೇ ಸಮಿತಿ ಮಾಡಿತು. ಅದರ ಮುಂದೆ ನಿಂತವರಲ್ಲಿ ಎಷ್ಟೋ ಜನ ಅಮೆರಿಕದ ಪ್ರಜೆಗಳೇ. ನಾನ್‌ಹ್ಯೂಮನ್ ಮತ್ತು ಇನ್‌ಹ್ಯೂಮನ್ ನಡುವೆಯೂ ಇದೇ ಅಂತರ. ನಾಯಿ ನಾನ್‌ಹ್ಯೂಮನ್. ನಾಯಿಯನ್ನು ಹಿಂಸೆ ಮಾಡುವವನು ಇನ್‌ಹ್ಯೂಮನ್. 'ಫೆಯ್' ನೆನಪಿರುವವರಿಗೆ ಈ ಗೆರೆ ಎಳೆದು ತೋರಿಸುವುದು ಸುಲಭ. 2003ರಲ್ಲಿ ಸಾರ್ಸ್ ಹರಡಿದಾಗ ಚೀನಾದಲ್ಲಿ ಅದನ್ನು 'ಫೆಯ್‌ದಿಯೆನ್' ಅಂತ ಕರೆದರು. ಮಾಮೂಲಿ ನಮೂನೆಗೆ ಸೇರದ ನ್ಯುಮೋನಿಯಾ ಅನ್ನುವುದರ ಮೊಟಕು ರೂಪ ಅದು. ಇಂಗ್ಲಿಷಿನ ಎಟಿಪಿಕಲ್ ಅನ್ನುವ ವೈದ್ಯಕೀಯ ಪದದ ಗ್ರೀಕ್ ಅ ಇಲ್ಲಿ 'ಫೆಯ್' ಆಗಿದೆ. ನನ್ನ ತರಗತಿಯಲ್ಲಿ ಕೂರುವ ವಯಸ್ಸಿನವರಿಗೆ ಆ ವರ್ಷ ಚೆನ್ನಾಗಿ ನೆನಪಿದೆ.

ಮುಂದಿನದು 'ವೆಯ್'. ಇನ್ನೂ ಆಗಿಲ್ಲ ಅನ್ನುವುದು ಇದರ ಕೆಲಸ. 'ವೆಯ್ ವಾನ್‌ಚೆಂಗ್' ಅಂದರೆ ಇನ್ನೂ ಮುಗಿಯದ, ಅನ್‌ಫಿನಿಶ್ಡ್. 'ವೆಯ್‌ಹುನ್' ಅಂದರೆ ಇನ್ನೂ ಮದುವೆಯಾಗದ, ಅನ್‌ಮ್ಯಾರಿಡ್. ಮದುವೆ ನಿಶ್ಚಯವಾದ ಹುಡುಗನಿಗೆ 'ವೆಯ್‌ಹುನ್‌ಫು' ಅಂತಾರೆ, ಇನ್ನೂ ಮದುವೆಯಾಗದ ಗಂಡ! ಕೊನೆಗೆ ಈಡಿ (ed) ಇರುವ ಇಂಗ್ಲಿಷ್ ಪದಗಳ ಮುಂದೆ ಅನ್ ಬರುವುದೇ ಹೆಚ್ಚು. 'ವೆಯ್' ಹೊಂದುವ ಕಡೆ ಅನ್ ಜೊತೆ ಈಡಿ ಅಂತ ಕಲಿಸಿದರೆ ಬಹಳಷ್ಟು ಪದ ಒಂದೇ ಏಟಿಗೆ ಸರಿಯಾಗುತ್ತವೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. 'ವೆಯ್'ನಲ್ಲಿ ಮುಂದೆ ಆದೀತು ಅನ್ನುವ ನಿರೀಕ್ಷೆ ಇದೆ, ಅನ್‌ನಲ್ಲಿ ಅದಿಲ್ಲ. ಮದುವೆಯೇ ಬೇಡ ಅಂತ ನಿರ್ಧರಿಸಿದವರಿಗೆ ಚೀನೀಯಲ್ಲಿ 'ಬುಹುನ್' ಅಂತ ಬೇರೆ ಪದ ಇದೆ. ಇಂಗ್ಲಿಷಿನ ಅನ್‌ಮ್ಯಾರಿಡ್ ಇಬ್ಬರಿಗೂ ಸಲ್ಲುತ್ತದೆ. ನಿಷೇಧದಲ್ಲಿ ಚೀನೀ ಭಾಷೆ ಇಂಗ್ಲಿಷಿಗಿಂತ ನಯವಾಗಿ ಬಿಡಿಸಿ ಹೇಳುವ ಜಾಗಗಳಲ್ಲಿ ಇದೂ ಒಂದು.

'ವೂ' ಅಂದರೆ ಇಲ್ಲದ. 'ವೂಯುಂಗ್' ಉಪಯೋಗ ಇಲ್ಲದ, ಯೂಸ್‌ಲೆಸ್. 'ವೂಶಿಯೆನ್' ತಂತಿ ಇಲ್ಲದ, ವೈರ್‌ಲೆಸ್. ಇಲ್ಲಿ ಇಂಗ್ಲಿಷ್ ಉಪಸರ್ಗ ಬಿಟ್ಟು ಪದದ ಬಾಲಕ್ಕೆ ಲೆಸ್ ಹಚ್ಚುತ್ತದೆ. ಇದು ತಿಳಿಯದೆ ಅನ್‌ಯೂಸ್ ಅಂತ ಬರೆಯುವವರು ಎಷ್ಟೋ ಜನ. ಹಾಗೇ ತಪ್ಪಾಗಿ ಮಾಡಿದ್ದಕ್ಕೆ 'ವು' ಅಂತ ಬೇರೆ ದನಿಯ ಇನ್ನೊಂದು ಪದ ಇದೆ. 'ವುಜಿಯೆ' ತಪ್ಪು ತಿಳಿಯುವುದು, 'ವುದಾವ್' ದಾರಿ ತಪ್ಪಿಸುವುದು. ಅವೇ ಮಿಸ್‌ಅಂಡರ್‌ಸ್ಟ್ಯಾಂಡ್, ಮಿಸ್‌ಲೀಡ್.

'ಬುಕ' ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 'ಬು' ಅಂದರೆ ಇಲ್ಲ, 'ಕ' ಅಂದರೆ ಮಾಡಬಹುದಾದ. ಎರಡೂ ಸೇರಿದರೆ ಮಾಡಲಾಗದ. ಅದಾದ ಮೇಲೆ ಕ್ರಿಯಾಪದ ಬರುತ್ತದೆ. ಇಂಗ್ಲಿಷಿನಲ್ಲಿ ಮುಂದೆ ಅನ್ ಅಥವಾ ಇನ್, ನಡುವೆ ಕ್ರಿಯೆ, ಕೊನೆಗೆ ಏಬಲ್ ಅಥವಾ ಇಬಲ್. ತಪ್ಪಿಸಲಾಗದ್ದು ಅನ್‌ಅವಾಯ್ಡಬಲ್, ಹಿಂದಿರುಗಿಸಲಾಗದ್ದು ಇರ್ರಿವರ್ಸಿಬಲ್. ಏಬಲ್ ಇದ್ದರೆ ಅನ್ ಇರುವುದು ಜಾಸ್ತಿ, ಇಬಲ್ ಇದ್ದರೆ ಇನ್ ಕುಟುಂಬ ಇರುವುದು ಜಾಸ್ತಿ. ಇನ್‌ಕ್ಯೂರಬಲ್ ಥರದ ಪದಗಳು ಈ ಮಾತನ್ನು ಮುರಿಯುತ್ತವೆ, ಆದರೂ ದಾರಿ ತೋರಲು ಸಾಕು.

ಚೀನೀಯರು ದಿನಾ ಆಡುವ ಒಂದು ಮಾತು 'ಬುಕ ಸೀಯಿ'. ನಂಬಲಾಗದಷ್ಟು ಅಚ್ಚರಿ ಅನ್ನುವಾಗ ಹೇಳುತ್ತಾರೆ. ಈ ಪದ ಹುಟ್ಟಿದ್ದು ಬೌದ್ಧ ಗ್ರಂಥಗಳ ಅನುವಾದದಲ್ಲಿ. ಸಂಸ್ಕೃತದ ಮೂಲ ಪದ ಅಚಿಂತ್ಯ. ಯೋಚಿಸಿ ಹಿಡಿಯಲಾಗದ್ದು. ಅ, ಚಿಂತ್, ಯ. ಬು, ಕ, ಸೀಯಿ. ಇಂಗ್ಲಿಷಿನಲ್ಲಿ ಇನ್, ಕನ್ಸೀವ್, ಏಬಲ್. ಮೂರು ಭಾಷೆಯಲ್ಲೂ ಮೂರೇ ತುಂಡು. ಕ್ರಿ.ಶ. 401ರಲ್ಲಿ ಚೀನಾದ ಚಾಂಗ್‌ಆನ್ ನಗರಕ್ಕೆ ಬಂದ ಬೌದ್ಧ ಭಿಕ್ಷು ಕುಮಾರಜೀವ, ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟನೆಂದು ನಾವು ಶಾಲೆಯಲ್ಲಿ ಓದಿದ ಹ್ಯುಯೆನ್ ತ್ಸಾಂಗ್, ಇಂಥವರೆಲ್ಲ ಸಂಸ್ಕೃತದ ಈ ಪುಟ್ಟ ಅ ಜೊತೆ ಹೆಣಗಾಡಿದವರೇ. ಅವರ ಪರಂಪರೆಯ ಅನುವಾದಗಳನ್ನು ನೋಡಿ. ಅನಿತ್ಯಕ್ಕೆ 'ವೂಚಾಂಗ್', ಅನಾತ್ಮಕ್ಕೆ 'ವೂವೊ', ಅವಿದ್ಯೆಗೆ 'ವೂಮಿಂಗ್'. ಅಲ್ಲೆಲ್ಲ 'ವೂ'. ಅಚಿಂತ್ಯಕ್ಕೆ ಮಾತ್ರ 'ಬುಕ'. ಮೂಲದಲ್ಲಿ ಇದ್ದದ್ದು ಒಂದೇ ಅ. ಆದರೂ ಅವರು ಎಲ್ಲದಕ್ಕೂ 'ಬು' ಅಂತ ಬರೆದು ಮುಗಿಸಲಿಲ್ಲ. ಪದದ ಒಳಗೆ ಯಾವ ಥರದ ಇಲ್ಲ ಇದೆ ಅಂತ ನೋಡಿ ಪದ ಆರಿಸಿದರು. ಹದಿನಾರು ಶತಮಾನ ಹಿಂದೆಯೇ ಇಷ್ಟು ಸೂಕ್ಷ್ಮವಾಗಿ ಆಗಿದ್ದ ಕೆಲಸವನ್ನು ಇವತ್ತಿನ ಪದಪಟ್ಟಿ ಒಂದೇ ಅಕ್ಷರಕ್ಕೆ ಇಳಿಸಿಬಿಟ್ಟಿದೆ ಅನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಇನ್ನು ಅನ್ ಬಗ್ಗೆಯೇ ಒಂದು ಮುಖ್ಯ ಮಾತು ಬಾಕಿ ಇದೆ. ಇಂಗ್ಲಿಷಿನಲ್ಲಿ ಅನ್ ಎರಡು. ಗುಣದ ಮುಂದೆ ಬರುವ ಅನ್ ಅಲ್ಲ ಅನ್ನುತ್ತದೆ. ಕ್ರಿಯಾಪದದ ಮುಂದೆ ಬರುವ ಅನ್ ಆದದ್ದನ್ನು ಬಿಚ್ಚುತ್ತದೆ. ಇವೆರಡರ ಹುಟ್ಟೂ ಬೇರೆ, ಕಾಲ ಕಳೆದಂತೆ ಒಂದೇ ರೂಪಕ್ಕೆ ಬಂದಿವೆ. ಐ ಅನ್‌ಲಾಕ್ಡ್ ದ ಡೋರ್ ಅಂದರೆ ಬೀಗ ತೆಗೆದೆ ಅಂತ. ಬೀಗ ಹಾಕಲಿಲ್ಲ ಅಂತ ಅಲ್ಲ. ಅನ್ ಅಂದರೆ 'ಬು' ಅಂತ ಕಲಿತವರು ಇಲ್ಲಿ ಸರಿಯಾಗಿ ಎಡವುತ್ತಾರೆ. ಬಾಡಿಗೆ ಮನೆಯ ಮಾಲೀಕರಿಗೆ ಹೀಗೊಂದು ಮೆಸೇಜ್ ಹೋದರೆ ಗಲಾಟೆಯೇ ಆಗಬಹುದು. ಚೀನೀಯಲ್ಲಿ ಈ ಜಾಗಕ್ಕೆ 'ಬು' ಬರುವುದೇ ಇಲ್ಲ, 'ಜಿಯೆ' ಬರುತ್ತದೆ, ಬಿಡಿಸು ಅಂತ ಅರ್ಥ. ಅನ್‌ಲಾಕ್‌ಗೆ 'ಜಿಯೆಸ್ವೊ', ಹೆಪ್ಪುಗಟ್ಟಿದ್ದನ್ನು ಕರಗಿಸುವುದಕ್ಕೆ 'ಜಿಯೆದೋಂಗ್'. ಅವರ ಫೋನ್‌ಗಳಲ್ಲೇ ದಿನಾ ಕಾಣುವ ಪದಗಳು ಇವು. ಕ್ರಿಯಾಪದದ ಮುಂದಿನ ಅನ್ ಅಂದರೆ 'ಜಿಯೆ' ಅಂತ ಹೇಳಿಕೊಟ್ಟ ದಿನವೇ ಈ ತಪ್ಪು ನಿಲ್ಲುತ್ತದೆ. ಅಂದಹಾಗೆ ಅನ್‌ಲಾಕಬಲ್ ಅನ್ನುವ ಪದಕ್ಕೆ ಎರಡು ಅರ್ಥ: ಬೀಗ ಹಾಕಲಾಗದ್ದು, ಬೀಗ ತೆಗೆಯಬಹುದಾದ್ದು. ಇದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ಎರಡು ಅನ್ ಇರುವುದು ಆಗ ಮನಸ್ಸಿಗೆ ನಾಟುತ್ತದೆ.

ಉಪಸರ್ಗದ ವೇಷ ಹಾಕಿದ ಪದಗಳೂ ಇವೆ. ಇಂಪಾರ್ಟೆಂಟ್, ಇಂಪ್ರೂವ್, ಯೂನಿಯನ್, ಅಂಕಲ್, ಡಿಸ್ಕಸ್, ಇವುಗಳಲ್ಲಿ ನಿಷೇಧ ಎಲ್ಲೂ ಇಲ್ಲ. ಲ್ಯಾಟಿನ್ನಿನಲ್ಲಿ ಒಳಗೆ ಅನ್ನುವ ಇನ್ ಒಂದು, ಅಲ್ಲ ಅನ್ನುವ ಇನ್ ಇನ್ನೊಂದು. ಇಂಪೋರ್ಟ್‌ನಲ್ಲಿ ಇರುವುದು ಒಳಗೆ ಅನ್ನುವ ಇನ್. ಇನ್‌ಫ್ಲೇಮಬಲ್‌ನಲ್ಲೂ ಅದೇ. ಅಂದರೆ ಅದು ಬೆಂಕಿ ಹತ್ತದ ವಸ್ತು ಅಲ್ಲ, ಸುಲಭವಾಗಿ ಬೆಂಕಿ ಹತ್ತುವ ವಸ್ತು. ಫ್ಲೇಮಬಲ್ ಮತ್ತು ಇನ್‌ಫ್ಲೇಮಬಲ್ ಎರಡಕ್ಕೂ ಒಂದೇ ಅರ್ಥ. ಈ ಗೊಂದಲಕ್ಕೆ ಹೆದರಿಯೇ ಕಳೆದ ಶತಮಾನದಲ್ಲಿ ಸುರಕ್ಷತೆಯ ಕೆಲಸದವರು ಡಬ್ಬಿಗಳ ಮೇಲೆ ಫ್ಲೇಮಬಲ್ ಅಂತಲೇ ಬರೆಯಿರಿ ಅಂತ ಒತ್ತಾಯ ಮಾಡಿದರು. ಹಡಗು ಕಟ್ಟುವ ಕಡೆ, ಪೇಂಟ್ ಕೆಲಸದ ಕಡೆ ದುಡಿಯುವವರು ನನ್ನ ತರಗತಿಗೆ ಬರುತ್ತಾರೆ. ಅವರಿಗೆ ಇದು ಜೀವದ ಪ್ರಶ್ನೆ.

ಇದನ್ನು ಹೇಳಿದಾಗ ಇಂಗ್ಲಿಷ್ ಎಂಥ ವಿಚಿತ್ರ ಅಂತ ಅವರು ನಗುತ್ತಾರೆ. ಆಗ ನಾನು ಅವರದೇ ಭಾಷೆಯ 'ಹಾವ್ ರೋಂಗ್‌ಯಿ' ನೆನಪಿಸುತ್ತೇನೆ. ಅಂತೂ ಇಂತೂ ಬಹಳ ಕಷ್ಟಪಟ್ಟು ಅನ್ನುವಾಗ 'ಹಾವ್ ರೋಂಗ್‌ಯಿ' ಅಂತಲೂ ಹೇಳಬಹುದು, 'ಹಾವ್ ಬು ರೋಂಗ್‌ಯಿ' ಅಂತಲೂ ಹೇಳಬಹುದು. ನಡುವೆ 'ಬು' ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ! ಬೆಲೆಯ ವಿಷಯದಲ್ಲೂ ಹಾಗೆ. ಇನ್‌ವ್ಯಾಲ್ಯುಬಲ್ ಅಂದರೆ ಬೆಲೆ ಇಲ್ಲದ್ದು ಅಂತ ತಪ್ಪು ತಿಳಿಯುವವರಿಗೆ 'ವೂಜಿಯಾ' ಅನ್ನಿ ಸಾಕು. ಬೆಲೆ ಕಟ್ಟಲಾಗದ ರತ್ನ ಅನ್ನುವ ಅವರ ನುಡಿಗಟ್ಟಿನಲ್ಲಿ ಅದೇ 'ವೂ' ಇದೆ.

ಕಿವಿಯ ವಿಷಯ ಹೇಳಿ ಮುಗಿಸುತ್ತೇನೆ. ಚೀನೀಯಲ್ಲಿ 'ಬು' ತನ್ನದೇ ದನಿಯ ಏರಿಳಿತ ಇರುವ ಪೂರ್ತಿ ಅಕ್ಷರ, ಸಾಮಾನ್ಯವಾಗಿ ಸ್ಪಷ್ಟವಾಗಿ ಕೇಳುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬೇರಿನ ಮೇಲೆ ಬಿದ್ದು, ಇಟ್ಸ್ ಅನ್‌ಲೈಕ್ಲಿ ಅಂತ ವೇಗವಾಗಿ ಹೇಳುವಾಗ ಅನ್ ಮಾಯವಾದ ಹಾಗಿರುತ್ತದೆ. ಸಂಭವ ಇಲ್ಲ ಅಂತ ಡಾಕ್ಟರ್ ಹೇಳಿದ್ದು ಸಂಭವ ಇದೆ ಅಂತ ಕೇಳಿಸಿದರೆ ಏನಾದೀತು ಯೋಚಿಸಿ. ಸಿಚುವಾನ್, ಹೂನಾನ್ ಕಡೆಯ ಹಲವರಿಗೆ ನ ಮತ್ತು ಲ ನಡುವೆ ವ್ಯತ್ಯಾಸ ಹಿಡಿಯುವುದೇ ಕಷ್ಟ, ಅಂಥವರಿಗೆ ಅನ್‌ಲೈಕ್ಲಿ ಇನ್ನೂ ಕಠಿಣ. ಕೆಲವು ಪದಗಳಲ್ಲಿ ಒತ್ತು ಉಪಸರ್ಗಕ್ಕೇ ಜಿಗಿದು ಬೇರಿನ ಸ್ವರವನ್ನೇ ಬದಲಿಸುತ್ತದೆ. ಫೇಮಸ್ ಇದ್ದದ್ದು ಇನ್‌ಫಮಸ್ ಆಗುತ್ತದೆ, ಫೈನೈಟ್ ಇದ್ದದ್ದು ಇನ್‌ಫಿನಿಟ್. ಇನ್‌ಫಮಸ್ ಅಂದರೆ ಹೆಸರಿಲ್ಲದವನು ಅಲ್ಲ, ಕೆಟ್ಟ ಹೆಸರು ಪಡೆದವನು. ಓದಿ ಕಲಿತವರು ಇವನ್ನು ಮಾತಿನಲ್ಲಿ ಗುರುತಿಸುವುದೇ ಇಲ್ಲ. ಹಾಗಾಗಿ ಉಪಸರ್ಗದ ಪಾಠವನ್ನು ಪುಸ್ತಕದಲ್ಲಷ್ಟೇ ಮಾಡಬೇಡಿ, ಕಿವಿಗೆ ಮಾಡಿ. ಒಂದೇ ವಾಕ್ಯವನ್ನು ಲೈಕ್ಲಿ, ಅನ್‌ಲೈಕ್ಲಿ ಎರಡೂ ಹಾಕಿ ಮಾತಿನ ವೇಗದಲ್ಲಿ ಹೇಳಿ, ಯಾವುದು ಅಂತ ಕೈಯೆತ್ತಿಸಿ.

ಮಾತು ಮುಗಿದ ಮೇಲೆ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಸರ್, ಇಷ್ಟನ್ನೂ ಯಾವ ಕ್ರಮದಲ್ಲಿ ಕಲಿಸ್ತೀರಿ?" ಅಂದರು. ಮೊದಲು ನಾನ್ ಕಲಿಸುತ್ತೇನೆ ಮೇಡಂ, ಯಾಕಂದರೆ ಅದು 'ಫೆಯ್' ಜೊತೆ ಸಲೀಸಾಗಿ ಹೊಂದುತ್ತದೆ, ತಪ್ಪಾಗುವುದು ಕಡಿಮೆ. ಆಮೇಲೆ ಈಡಿ ಪದಗಳ ಅನ್, ಅದರ ಬೆನ್ನಿಗೇ ಬಿಚ್ಚುವ ಅನ್. ನಂತರ ಲೆಸ್ ಮತ್ತು ಮಿಸ್. ಆಮೇಲೆ 'ಹೆನ್' ಪರೀಕ್ಷೆ ಇಟ್ಟುಕೊಂಡು ಗುಣಪದಗಳ ಅನ್, ಇನ್, ಡಿಸ್. ಇಲ್ಲಿ ಬಾಯಿಪಾಠ ತಪ್ಪುವುದಿಲ್ಲ, ಆದರೆ ಬರಿಯ ಪದ ಬೇಡ, ವಾಕ್ಯದ ಜೊತೆ ಕಲಿಸಿ. ಇಮ್, ಇಲ್, ಇರ್ ಕಾಗುಣಿತಕ್ಕೆ ಕೊನೆಯಲ್ಲಿ ಒಂದು ತರಗತಿ ಸಾಕು. ಕಾರ್ಖಾನೆಯಲ್ಲಿ ದುಡಿಯುವವರು ಬಂದಿದ್ದರೆ ಇನ್‌ಫ್ಲೇಮಬಲ್ ಪದವನ್ನು ಮಾತ್ರ ಮೊದಲ ದಿನವೇ ಹೇಳಿಕೊಡುತ್ತೇನೆ.